ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ

ಬಾವಿಗೆ ಪಂಪ್‌ಸೆಟ್ ಇಟ್ಟ ಯಾವ ರೈತನಿಗೂ ಫುಟ್‌ವಾಲ್ವ್ ಬಗ್ಗೆ ಹೇಳಿಕೊಡಬೇಕಾಗಿಲ್ಲ. ಬಾವಿಯೊಳಗೆ ಪೈಪಿನ ತುದಿಯಲ್ಲಿ ಕೂತಿರುವ ಆ ವಾಲ್ವಿನ ವಾಷರ್ ಸವೆದರೆ, ಪೈಪಿನಲ್ಲಿ ನಿಂತ ನೀರು ರಾತ್ರಿಯೆಲ್ಲ ಒಸರಿ ಕೆಳಗಿಳಿಯುತ್ತದೆ. ಬೆಳಿಗ್ಗೆ ಸ್ವಿಚ್ ಹಾಕಿದರೆ ಮೋಟರು ತಿರುಗುತ್ತದೆ, ನೀರು ಮಾತ್ರ ಬರುವುದಿಲ್ಲ. ಕೊಡದಲ್ಲಿ ನೀರು ತಂದು ಪೈಪಿಗೆ ಹೊಯ್ದ ಮೇಲೆ ಪಂಪು ಎತ್ತಲು ಶುರುಮಾಡುತ್ತದೆ. ಆ ಹೊತ್ತಿನಲ್ಲಿ ಮೋಟರು ಕೆಟ್ಟಿದೆಯೆಂದು ಬಿಚ್ಚಿ ರಿವೈಂಡಿಂಗ್ ಅಂಗಡಿಗೆ ಹೊತ್ತೊಯ್ಯುವವರು ಯಾರೂ ಇಲ್ಲ. ನೀರು ಹೊಯ್ದ ಕೂಡಲೇ ಎತ್ತಿತು, ಹಾಗಾದರೆ ಮೋಟರು ಸರಿಯಿದೆ, ಕೆಳಗೆಲ್ಲೋ ಸೋರುತ್ತಿದೆ ಎಂಬ ತರ್ಕ ನಮ್ಮ ಹೊಲಗಳಲ್ಲಿ ತಲೆಮಾರುಗಳಿಂದ ಇದೆ. ಆದರೆ ಅದೇ ಮನೆಯ ಟ್ರ್ಯಾಕ್ಟರು ಬೆಳಿಗ್ಗೆ ಎಂಟು ಹತ್ತು ಸೆಕೆಂಡು ಸೆಲ್ಫ್ ಹೊಡೆಸಿಕೊಂಡು ಸ್ಟಾರ್ಟ್ ಆಗತೊಡಗಿದರೆ ಈ ತರ್ಕ ಮರೆತುಹೋಗುತ್ತದೆ. ಮೊದಲು ಬ್ಯಾಟರಿ ಬದಲಾಗುತ್ತದೆ, ಆಮೇಲೆ ಸೆಲ್ಫ್ ಮೋಟರು ಬಿಚ್ಚುತ್ತಾರೆ, ಕೊನೆಗೆ ಪಂಪು ನಾಜಲ್ಲು ದಾವಣಗೆರೆಗೋ ಚಿತ್ರದುರ್ಗಕ್ಕೋ ಹೋಗುತ್ತವೆ. ಕಾಯಿಲೆ ಮಾತ್ರ ಬಹಳಷ್ಟು ಸಲ ಬಾವಿಯ ಪೈಪಿನದ್ದೇ. ನಿಲ್ಲಬೇಕಾದದ್ದು ನಿಂತಿಲ್ಲ, ಇರಬೇಕಾದ ಒತ್ತಡ ಇಲ್ಲ.

ಭರಮಸಾಗರದಲ್ಲಿ ಈ ಮಾತಿಗೆ ಹೆಚ್ಚು ತೂಕವಿದೆ. ಚಿತ್ರದುರ್ಗದ ಪಾಳೆಯಗಾರ ಬಿಚ್ಚುಗತ್ತಿ ಭರಮಣ್ಣ ನಾಯಕನ ಹೆಸರು ಹೊತ್ತ ಕೆರೆಯ ಊರು ಇದು. ತುಂಗಭದ್ರೆಯ ನೀರನ್ನು ಪಂಪುಗಳಿಂದ ಎತ್ತಿ ಆ ಕೆರೆಗೆ ತರುವಷ್ಟು ಒತ್ತಡದ ಲೆಕ್ಕಾಚಾರವನ್ನು ಈ ನೆಲ ಕಂಡಿದೆ. ಚಿತ್ರದುರ್ಗಕ್ಕೂ ದಾವಣಗೆರೆಗೂ ನಡುವೆ, ಹಿಂದೆ ನಾಲ್ಕನೇ ನಂಬರಿನದಾಗಿದ್ದು ಈಗ 48 ಎನಿಸಿಕೊಂಡಿರುವ ರಾಷ್ಟ್ರೀಯ ಹೆದ್ದಾರಿ ಊರನ್ನು ಹಾದುಹೋಗುತ್ತದೆ. ಹಗಲೂ ರಾತ್ರಿ ಓಡುವ ಲಾರಿ, ಮೆಕ್ಕೆಜೋಳ ಹೊತ್ತ ಟ್ರ್ಯಾಕ್ಟರು, ಸಂತೆಗೆ ಹೊರಟ ಪಿಕಪ್ಪು, ಮನೆಮನೆಯ ಬೈಕು, ಎಲ್ಲವೂ ರಿಪೇರಿಗೆ ಬರುವುದು ರಸ್ತೆ ಬದಿಯ ಗ್ಯಾರೇಜಿಗೆ. ಮೂವತ್ತು ವರ್ಷ ಹಳೆಯ ಮೆಕ್ಯಾನಿಕಲ್ ಪಂಪಿನ ಎಂಜಿನ್ನೂ, 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಕಡ್ಡಾಯವಾದ ಬಿಎಸ್6 ಎಂಜಿನ್ನೂ ಒಂದೇ ಮೆಕ್ಯಾನಿಕ್ಕಿನ ಕೈಗೆ ಸಿಗುತ್ತವೆ. ಎರಡರಲ್ಲೂ ದೂರು ಒಂದೇ: ‘ಸ್ಟಾರ್ಟಿಂಗ್ ಟ್ರಬಲ್’. ಈ ದೂರಿಗೆ ಬಿಡಿಭಾಗ ಬದಲಿಸುವುದು ಮೊದಲ ಉತ್ತರವಾಗಬಾರದು, ಅಳತೆ ಮೊದಲ ಉತ್ತರವಾಗಬೇಕು ಎಂಬುದು ನನ್ನ ವಾದ. ಅಳತೆ ಎಂದರೆ ಎಲ್ಲ ಸಲವೂ ದುಬಾರಿ ಯಂತ್ರ ಎಂದಲ್ಲ. ಕಣ್ಣು, ಕಿವಿ, ಒಂದು ಪಾರದರ್ಶಕ ಪೈಪಿನ ತುಂಡು, ಒಂದು ಗೇಜು ಇದ್ದರೆ ಅರ್ಧಕ್ಕಿಂತ ಹೆಚ್ಚು ಪ್ರಶ್ನೆ ಬಗೆಹರಿಯುತ್ತದೆ.

ಮೊದಲು ಸೆಲ್ಫಿನ ಸದ್ದನ್ನೇ ಸಾಕ್ಷಿಯಾಗಿ ತೆಗೆದುಕೊಳ್ಳೋಣ. ಎಂಜಿನ್ ನಿಧಾನವಾಗಿ, ತಿಣುಕುತ್ತಾ ತಿರುಗಿದರೆ ದೋಷ ಬ್ಯಾಟರಿ, ಕೇಬಲ್ಲು, ಅರ್ತಿಂಗು ಅಥವಾ ಸೆಲ್ಫ್ ಮೋಟರಿನದ್ದು. ಎಂದಿನ ವೇಗದಲ್ಲೇ ತಿರುಗುತ್ತಿದ್ದು, ಹಿಡಿಯುವುದು ಮಾತ್ರ ತಡವಾದರೆ ಬ್ಯಾಟರಿ ನಿರಪರಾಧಿ. ಈ ಎರಡು ದೂರುಗಳನ್ನು ನಾವು ‘ಬೇಗ ಸ್ಟಾರ್ಟ್ ಆಗಲ್ಲ’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ, ದಾರಿ ತಪ್ಪುವುದು ಅಲ್ಲಿಂದಲೇ. ಅನುಮಾನವಿದ್ದರೆ ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಎರಡು ಟರ್ಮಿನಲ್‌ಗಳಿಗೆ ಮೀಟರು ಹಿಡಿದರಾಯಿತು. 12 ವೋಲ್ಟಿನ ಗಾಡಿಯಲ್ಲಿ ಮುಳ್ಳು ಸುಮಾರು 9.6ಕ್ಕಿಂತ ಕೆಳಗೆ ಬೀಳದಿದ್ದರೆ ಬ್ಯಾಟರಿಯನ್ನು ಬಿಟ್ಟು ಮುಂದಕ್ಕೆ ಹೋಗಬಹುದು. ಹೊಸ ಬ್ಯಾಟರಿ ಹಾಕಿಸಿಕೊಂಡ ಮೇಲೆ ಎಂಜಿನ್ ಒಂಚೂರು ಬೇಗ ಸ್ಟಾರ್ಟ್ ಆದಂತೆ ಕಾಣುವುದೂ ಉಂಟು, ಏಕೆಂದರೆ ಸೆಲ್ಫ್ ಜೋರಾಗಿ ತಿರುಗಿದಷ್ಟೂ ಪಂಪು ಜೋರಾಗಿ ತಿರುಗುತ್ತದೆ, ಕಡಿಮೆಯಿದ್ದ ಒತ್ತಡ ಬೇಗ ಏರುತ್ತದೆ. ಅದು ಗುಣವಾದದ್ದಲ್ಲ, ಕಾಯಿಲೆ ನಾಲ್ಕು ತಿಂಗಳು ಮುಚ್ಚಿಕೊಂಡದ್ದು.

ಎರಡನೇ ಸಾಕ್ಷಿ ಸೈಲೆನ್ಸರಿನ ಬಾಯಲ್ಲಿದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಸಿಲಿಂಡರಿನಲ್ಲಿ ಒತ್ತಿದ ಗಾಳಿಯ ಬಿಸಿಗೇ ಡೀಸೆಲ್ ಉರಿಯುತ್ತದೆ. ಸೆಲ್ಫ್ ಹೊಡೆಯುತ್ತಿರುವಾಗ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ಆಗ ಹುಡುಕಬೇಕಾದದ್ದು ಗ್ಲೋ ಪ್ಲಗ್ಗು, ಕಂಪ್ರೆಷನ್, ಟೈಮಿಂಗ್. ಹೊಗೆಯ ಎಳೆಯೂ ಇಲ್ಲದಿದ್ದರೆ ಡೀಸೆಲ್ಲೇ ತಲುಪುತ್ತಿಲ್ಲ. ಒಬ್ಬರು ಕೀ ತಿರುಗಿಸಿ, ಇನ್ನೊಬ್ಬರು ಹಿಂದೆ ನಿಂತು ನೋಡಿದರೆ ಮುಗಿಯುವ ಈ ಪರೀಕ್ಷೆಗೆ ಖರ್ಚು ಇಲ್ಲ. ಆದರೂ ಹೊಗೆ ನೋಡದೆ ನಾಜಲ್ಲು ಬಿಚ್ಚುವುದು ನಮ್ಮಲ್ಲಿ ಮಾಮೂಲು.

ಡೀಸೆಲ್ ತಲುಪುತ್ತಿಲ್ಲ ಎಂದು ಗೊತ್ತಾದ ಮೇಲೆ, ಟ್ಯಾಂಕು ತಗ್ಗಿನಲ್ಲಿರುವ ಹಳೆಯ ಟ್ರ್ಯಾಕ್ಟರು, ಲಾರಿಗಳಲ್ಲಿ ನೋಡಬೇಕಾದ ಜಾಗ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪು. ಇದರಲ್ಲಿ ಒಂದು ಮೋಸವಿದೆ, ಸ್ವಲ್ಪ ನಿಂತು ನೋಡಬೇಕಾದ ಮೋಸ. ನೀರಿನ ಪೈಪು ತೂತಾದರೆ ನೀರು ಹೊರಗೆ ಚಿಮ್ಮುತ್ತದೆ, ಕಣ್ಣಿಗೆ ಕಾಣುತ್ತದೆ. ಫೀಡ್ ಪಂಪು ಡೀಸೆಲ್ಲನ್ನು ಎಳೆದುಕೊಳ್ಳುವ ಕಡೆ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಅಲ್ಲಿ ಕೂದಲೆಳೆಯಷ್ಟು ಸಂದು ಬಿದ್ದರೆ ಡೀಸೆಲ್ ಹೊರಬರುವುದಿಲ್ಲ, ಗಾಳಿ ಒಳಹೋಗುತ್ತದೆ. ಪೈಪು ಒಣಗಿರುತ್ತದೆ, ಕೆಳಗೆ ಹನಿಯಿಲ್ಲ, ಒರೆಸಿದ ಬಟ್ಟೆಗೂ ಅಂಟುವುದಿಲ್ಲ. ಎಂಜಿನ್ ಓಡುವಾಗ ಫೀಡ್ ಪಂಪು ಆ ಗಾಳಿಯನ್ನೂ ಎಳೆದುಕೊಂಡು ಹೇಗೋ ಸುಧಾರಿಸುತ್ತದೆ. ರಾತ್ರಿ ಗಾಡಿ ನಿಂತಾಗ ಮಾತ್ರ ಆ ಸಂದಿನಿಂದ ಗಾಳಿ ಸೇರಿ, ಪೈಪಿನಲ್ಲಿದ್ದ ಡೀಸೆಲ್ ತಗ್ಗಿನಲ್ಲಿರುವ ಟ್ಯಾಂಕಿಗೆ ವಾಪಸು ಇಳಿಯುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆದಾಗ ಪಂಪು ಮೊದಲು ಗಾಳಿಯನ್ನು ಕುಡಿಯಬೇಕು, ಆಮೇಲೆ ಡೀಸೆಲ್ಲನ್ನು. ಆ ಎಂಟು ಸೆಕೆಂಡು ಎಂಜಿನ್ ತೆಗೆದುಕೊಂಡದ್ದಲ್ಲ, ಪೈಪು ತುಂಬಲು ತೆಗೆದುಕೊಂಡದ್ದು. ಮೆಕ್ಯಾನಿಕ್ಕುಗಳು ‘ಏರ್ ತಗೊಂಡಿದೆ’ ಎನ್ನುವುದು ಇದನ್ನೇ.

ಇದನ್ನು ಸಾಬೀತು ಮಾಡುವ ವಿಧಾನವೂ ಬಾವಿಯದ್ದೇ. ಬೆಳಿಗ್ಗೆ ಸೆಲ್ಫ್ ಮುಟ್ಟುವ ಮೊದಲು ಫೀಡ್ ಪಂಪಿನ ಹ್ಯಾಂಡ್ ಪ್ರೈಮರನ್ನು ಹದಿನೈದು ಇಪ್ಪತ್ತು ಸಲ ಒತ್ತಿ, ಕೈಗೆ ಬಿಗಿ ಸಿಕ್ಕ ಮೇಲೆ ಕೀ ತಿರುಗಿಸಬೇಕು. ಅರ್ಧ ಸುತ್ತಿಗೆ ಎಂಜಿನ್ ಹಿಡಿದರೆ ಪೈಪಿಗೆ ಕೊಡದ ನೀರು ಹೊಯ್ದಂತಾಯಿತು. ಇಂಜೆಕ್ಷನ್ ಪಂಪು, ನಾಜಲ್ಲು, ಕಂಪ್ರೆಷನ್ ಮೂರೂ ಸರಿಯಿವೆ ಎಂದು ಎಂಜಿನ್ನೇ ಹೇಳಿತು. ಆಮೇಲೆ ಫಿಲ್ಟರಿಗೆ ಬರುವ ಲೈನಿನಲ್ಲಿ ಒಂದು ಗೇಣು ಪಾರದರ್ಶಕ ಪೈಪು ಹಾಕಿ ನೋಡಿದರೆ ಗುಳ್ಳೆಗಳು ಸಾಲಾಗಿ ಬರುವುದು ಕಾಣುತ್ತದೆ. ಟ್ಯಾಂಕಿನ ಪೈಪು ತಪ್ಪಿಸಿ, ಶುದ್ಧ ಡೀಸೆಲ್ ತುಂಬಿದ ಒಂದು ಕ್ಯಾನನ್ನು ಎಂಜಿನ್ನಿಗಿಂತ ಎತ್ತರದಲ್ಲಿಟ್ಟು ನೇರ ಫೀಡ್ ಪಂಪಿಗೆ ಕೊಟ್ಟಾಗ ಗುಳ್ಳೆ ನಿಂತರೆ ದೋಷ ಟ್ಯಾಂಕಿನ ಕಡೆಯ ಲೈನಿನಲ್ಲಿದೆ, ನಿಲ್ಲದಿದ್ದರೆ ಮುಂದಿನ ಜಾಯಿಂಟುಗಳಲ್ಲಿ. ಇಷ್ಟು ಮಾಡಿದರೆ ಸಿಕ್ಕಿಬೀಳುವುದು ಬಹುಪಾಲು ಒಂದು ಚಪ್ಪಟೆಯಾದ ಕಾಪರ್ ವಾಷರ್, ಬಿಸಿಲಿಗೆ ಸೀಳಿದ ರಬ್ಬರ್ ಹೋಸ್, ಫಿಲ್ಟರ್ ಬದಲಿಸುವಾಗ ಹಳೆಯದನ್ನೇ ಹಾಕಿ ಕೂರಿಸಿದ ಸೀಲು ಅಥವಾ ಫೀಡ್ ಪಂಪಿನೊಳಗಿನ ಸವೆದ ವಾಲ್ವು. ಪಂಪು ನಾಜಲ್ಲು ಕ್ಯಾಲಿಬ್ರೇಷನ್ನಿಗೆ ಕೊಡುವ ಖರ್ಚಿನ ಮುಂದೆ ಇವುಗಳ ಬೆಲೆ ಏನೂ ಅಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು, ಅದು ಗೌರವಕ್ಕೆ ತಕ್ಕ ಆಕ್ಷೇಪವೂ ಹೌದು. ನಮ್ಮ ಹಿರಿಯ ಮೆಕ್ಯಾನಿಕ್ಕುಗಳಿಗೆ ಗೇಜು ಯಾಕೆ, ಕಿವಿಗೊಟ್ಟು ಕೇಳಿದರೆ ಸಾಕು, ಪೈಪು ಮುಟ್ಟಿದರೆ ಸಾಕು ಎನ್ನುವವರಿದ್ದಾರೆ. ಆ ಕೈಗುಣ ಸುಳ್ಳಲ್ಲ. ಅದಕ್ಕೊಂದು ದೊಡ್ಡ ಚರಿತ್ರೆಯೇ ಕರ್ನಾಟಕದಲ್ಲಿದೆ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೊ, ಡೀಸೆಲ್ ಇಂಜೆಕ್ಷನ್ ಪಂಪುಗಳನ್ನು ಇಲ್ಲೇ ತಯಾರಿಸಿತು. 2008ರಲ್ಲಿ ಅದರ ಹೆಸರು ಬಾಷ್ ಎಂದಾದರೂ ಗ್ಯಾರೇಜುಗಳಲ್ಲಿ ಆ ಪಂಪು ಇವತ್ತಿಗೂ ‘ಮೈಕೊ ಪಂಪು’ ಎಂದೇ ಬಾಯಲ್ಲಿದೆ. ಆ ಪಂಪುಗಳ ಜೊತೆಗೇ ಬೆಳೆದ ಮೆಕ್ಯಾನಿಕ್ಕುಗಳು ಇಂಜೆಕ್ಟರ್ ಪೈಪಿನ ನಟ್ಟು ಒಂದು ಸುತ್ತು ಸಡಿಲಿಸಿ, ಸೆಲ್ಫ್ ಹೊಡೆಸಿ, ಡೀಸೆಲ್ ಹೇಗೆ ಪುಟಿಯುತ್ತದೆ ಎಂಬುದರಲ್ಲೇ ರೋಗ ಹೇಳಬಲ್ಲರು. ಆದರೆ ಗಮನಿಸಿ, ಅದು ಕೂಡ ಅಳತೆಯೇ. ನಟ್ಟು ಸಡಿಲಿಸಿ ನೋಡುವವನು ಊಹಿಸುತ್ತಿಲ್ಲ, ಎಂಜಿನ್ನಿಗೆ ಪ್ರಶ್ನೆ ಕೇಳಿ ಉತ್ತರ ಪಡೆಯುತ್ತಿದ್ದಾನೆ. ಅನುಭವವೂ ಅಳತೆಯೂ ಎದುರಾಳಿಗಳಲ್ಲ. ನನ್ನ ತಕರಾರು ಏನನ್ನೂ ನೋಡದೆ ಪಾರ್ಟು ಬದಲಿಸುವ ಅವಸರದ ಮೇಲೆ.

ಆ ಹಳೆಯ ವಿದ್ಯೆ ಇವತ್ತಿನ ಗಾಡಿಯ ಮುಂದೆ ಸಾಲದಾಗುವುದಷ್ಟೇ ಅಲ್ಲ, ಅಪಾಯಕ್ಕೂ ದೂಡುತ್ತದೆ. 1997ರಲ್ಲಿ ಯುರೋಪಿನ ಕಾರುಗಳಿಗೆ ಬಂದ ಕಾಮನ್ ರೈಲ್ ವ್ಯವಸ್ಥೆ ಈಗ ನಮ್ಮ ಲಾರಿ, ಪಿಕಪ್ಪು, ದೊಡ್ಡ ಟ್ರ್ಯಾಕ್ಟರುಗಳಲ್ಲೂ ಇದೆ. ಇದರಲ್ಲಿ ಡೀಸೆಲ್ ಒಂದು ದಪ್ಪ ಉಕ್ಕಿನ ನಳಿಗೆಯಲ್ಲಿ ಎಂಜಿನ್ ತಿರುಗುವಷ್ಟು ಹೊತ್ತೂ ಒತ್ತಿಕೊಂಡು ನಿಂತಿರುತ್ತದೆ. ಓಡುವಾಗ ಆ ಒತ್ತಡ 1,600 ಬಾರ್ ದಾಟುವುದು ಸಾಮಾನ್ಯ. ಕಾರಿನ ಟೈರಿನ ಗಾಳಿ ಎರಡು ಬಾರಿಗಿಂತ ಸ್ವಲ್ಪ ಹೆಚ್ಚು ಎಂದು ನೆನೆದರೆ ಈ ಅಂಕಿಯ ಭಾರ ತಿಳಿದೀತು. ಇಂಥ ಗಾಡಿಯಲ್ಲಿ ಹಳೆಯ ಅಭ್ಯಾಸದಂತೆ ನಟ್ಟು ಸಡಿಲಿಸಿದರೆ ಸೂಜಿಗಿಂತ ಸಣ್ಣ ಡೀಸೆಲ್ ಎಳೆ ಕೈಗವಸನ್ನೂ ಚರ್ಮವನ್ನೂ ಸೀಳಿ ಒಳಗೆ ಹೋಗುತ್ತದೆ. ಮೇಲೆ ಕಾಣುವುದು ಚುಚ್ಚಿದಷ್ಟೇ ಗಾಯ, ಒಳಗೆ ಮಾಂಸ ಕೊಳೆತು ಬೆರಳು ಕಳೆದುಕೊಳ್ಳುವ ಸ್ಥಿತಿ ಬರಬಹುದು. ಗ್ಯಾರೇಜಿನಲ್ಲಿ ಕೆಲಸ ಕಲಿಯಲು ಬರುವ ಹುಡುಗರಿಗೆ ಮೊದಲ ದಿನವೇ ಹೇಳಬೇಕಾದ ಮಾತು ಇದು: ಕಾಮನ್ ರೈಲ್ ಎಂಜಿನ್ನಿನ ಹೈ ಪ್ರೆಷರ್ ಪೈಪನ್ನು ಎಂಜಿನ್ ತಿರುಗುತ್ತಿರುವಾಗ ಯಾವ ಕಾರಣಕ್ಕೂ ಮುಟ್ಟಬೇಡ. ಏರ್ ಫಿಲ್ಟರಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದೂ ಹೀಗೆಯೇ. ಗ್ಲೋ ಪ್ಲಗ್ಗು ಕೆಂಪಗೆ ಕಾದಿರುವ ಎಂಜಿನ್ನಿನಲ್ಲಿ ಅದು ಸಿಡಿಯಬಲ್ಲದು.

ಹಾಗಾದರೆ ಅಲ್ಲಿ ಅಳೆಯುವುದು ಹೇಗೆ? ಇಲ್ಲಿ ಸ್ಕ್ಯಾನರು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಕಾಮನ್ ರೈಲ್ ಗಾಡಿಯ ಕಂಪ್ಯೂಟರು ರೈಲಿನಲ್ಲಿ ಒಂದು ಮಟ್ಟದ ಒತ್ತಡ, ಬಹಳಷ್ಟು ಗಾಡಿಗಳಲ್ಲಿ ಸುಮಾರು 200 ಬಾರ್, ಏರುವವರೆಗೆ ಇಂಜೆಕ್ಟರುಗಳನ್ನು ತೆರೆಯುವುದೇ ಇಲ್ಲ. ಸೆಲ್ಫ್ ಎಷ್ಟೇ ಚೆನ್ನಾಗಿ ತಿರುಗಲಿ, ಆ ಅಂಕಿ ಬರುವವರೆಗೆ ಎಂಜಿನ್ ಕಾಯುತ್ತದೆ. ಆದ್ದರಿಂದ ಸೆಲ್ಫ್ ಹೊಡೆಯುತ್ತಾ ಸ್ಕ್ಯಾನರಿನ ಲೈವ್ ಡೇಟಾದಲ್ಲಿ ರೈಲ್ ಪ್ರೆಷರ್ ಹೇಗೆ ಏರುತ್ತದೆ ಎಂದು ನೋಡಬೇಕು. ಒಂದೆರಡು ಸೆಕೆಂಡಿನಲ್ಲಿ ಏರಿಯೂ ಸ್ಟಾರ್ಟ್ ಆಗದಿದ್ದರೆ ಒತ್ತಡದ ದೋಷವಲ್ಲ, ಬೇರೆ ಕಡೆ ಹುಡುಕಿ. ತೆವಳುತ್ತಾ ಏರಿದರೆ ಡೀಸೆಲ್ ಸಾಕಷ್ಟು ಬರುತ್ತಿಲ್ಲ, ಇಲ್ಲವೇ ಬಂದದ್ದು ಎಲ್ಲೋ ಸೋರಿಹೋಗುತ್ತಿದೆ. ಎರಡನೆಯದನ್ನು ಹಿಡಿಯಲು ಇರುವ ಪರೀಕ್ಷೆ ಎಷ್ಟು ಸರಳವೆಂದರೆ ಅದನ್ನು ಮಾಡದಿರಲು ನೆಪವೇ ಇಲ್ಲ. ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪಿಗೆ ಒಂದೇ ಅಳತೆಯ ಒಂದೊಂದು ಸಣ್ಣ ಬಾಟಲಿ ಕಟ್ಟಿ ಸೆಲ್ಫ್ ಹೊಡೆದರೆ ಸಾಕು. ಮೂರರಲ್ಲಿ ತಳ ಮುಚ್ಚುವಷ್ಟು ಡೀಸೆಲ್ ಇದ್ದು ನಾಲ್ಕನೆಯದು ತುಂಬಿ ನಿಂತರೆ ಬದಲಿಸಬೇಕಾದದ್ದು ಆ ಒಂದು ಇಂಜೆಕ್ಟರನ್ನು, ನಾಲ್ಕನ್ನೂ ಅಲ್ಲ. ಕಾಮನ್ ರೈಲ್ ಇಂಜೆಕ್ಟರು ಒಂದೊಂದೂ ಸಾವಿರಾರು ರೂಪಾಯಿಯ ಮಾಲು ಎಂಬುದು ಗಾಡಿ ಇಟ್ಟವರಿಗೆಲ್ಲ ಗೊತ್ತು.

ಸ್ಕ್ಯಾನರಿದ್ದರೆ ಬೇರೇನೂ ಬೇಡ, ಅದೇ ಎಲ್ಲ ಹೇಳುತ್ತದೆ ಎನ್ನುವ ಹೊಸ ತಲೆಮಾರಿನ ನಂಬಿಕೆಯನ್ನೂ ನಾನು ಒಪ್ಪಲಾರೆ. ಸ್ಕ್ಯಾನರು ‘ರೈಲ್ ಪ್ರೆಷರ್ ಕಡಿಮೆ’ ಎಂಬ ಕೋಡ್ ತೋರಿಸಿದರೆ ಅದು ಜ್ವರದ ಅಳತೆ ಮಾತ್ರ, ಜ್ವರ ಯಾವ ಕಾರಣಕ್ಕೆ ಬಂತೆಂದು ಅದರಲ್ಲಿ ಬರೆದಿಲ್ಲ. ಕೋಡ್ ನೋಡಿದ ತಕ್ಷಣ ಪ್ರೆಷರ್ ಸೆನ್ಸರ್ ಬದಲಿಸುವುದು, ಅದರಿಂದಾಗದಿದ್ದರೆ ಪಂಪು ಬದಲಿಸುವುದು, ಕೊನೆಗೆ ಕಟ್ಟಿಕೊಂಡ ಫಿಲ್ಟರ್ ಸಿಗುವುದು, ಇದು ಹಳೆಯ ಊಹೆಗೆ ಹೊಸ ಅಂಗಿ ತೊಡಿಸಿದಂತೆ. ದೂರು ಯಾವಾಗ ಬರುತ್ತದೆ ಎಂಬುದನ್ನೂ ಅಂಕಿಯ ಜೊತೆಗೆ ಇಟ್ಟು ಓದಬೇಕು. ರಾತ್ರಿ ನಿಂತ ಗಾಡಿ ಬೆಳಿಗ್ಗೆ ಮಾತ್ರ ತಡಮಾಡಿ, ಹಗಲೆಲ್ಲ ಚೆನ್ನಾಗಿದ್ದರೆ ಗಾಳಿ ಸೇರಿ ಡೀಸೆಲ್ ಇಳಿದುಹೋಗುತ್ತಿರುವ ಸಾಧ್ಯತೆ ಹೆಚ್ಚು. ಬೆಳಿಗ್ಗೆ ಚೆನ್ನಾಗಿ ಹಿಡಿದು, ಹಿರಿಯೂರಿನ ಬಿಸಿಲಲ್ಲಿ ಓಡಿ ಬಂದು ನಿಲ್ಲಿಸಿದ ಗಾಡಿ ಚಹಾ ಕುಡಿದು ಬರುವಷ್ಟರಲ್ಲಿ ಸ್ಟಾರ್ಟ್ ಆಗಲು ಸತಾಯಿಸಿದರೆ ಕಥೆ ಬೇರೆ: ಬಿಸಿಯಾದ ಡೀಸೆಲ್ ತೆಳ್ಳಗಾಗಿ, ಸವೆದ ಇಂಜೆಕ್ಟರು ಅಥವಾ ಪಂಪಿನ ಸಂದುಗಳಿಂದ ಹೆಚ್ಚು ಸೋರುತ್ತದೆ, ಒತ್ತಡ ಏರುವುದಿಲ್ಲ. ಬೆಳಿಗ್ಗೆಯ ತಣ್ಣನೆಯ, ದಪ್ಪನೆಯ ಡೀಸೆಲ್ ಅದೇ ಸವೆತವನ್ನು ಮುಚ್ಚಿಟ್ಟಿರುತ್ತದೆ. ಚಾಲಕನಿಗೆ ಈ ವ್ಯತ್ಯಾಸ ಗೊತ್ತಿರುತ್ತದೆ. ಕೇಳುವವರು ಬೇಕು.

ಪೆಟ್ರೋಲ್ ಗಾಡಿಯ ವಿಚಾರ ಇಷ್ಟು ಉದ್ದವಿಲ್ಲ. ಬಿಎಸ್6 ಬಂದ ಮೇಲೆ ಬಹುತೇಕ ಹೊಸ ಬೈಕುಗಳಿಗೂ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ಬಂತು, ಟ್ಯಾಂಕಿನೊಳಗೆ ಕರೆಂಟಿನ ಪಂಪು ಕೂತಿತು. ಕೀ ಆನ್ ಮಾಡಿದಾಗ ಒಂದೆರಡು ಸೆಕೆಂಡು ಕೇಳುವ ಸಣ್ಣ ಗುಂಯ್ ಸದ್ದು ಆ ಪಂಪು ಲೈನಿನಲ್ಲಿ ಒತ್ತಡ ತುಂಬುವ ಸದ್ದು. ಕಾರುಗಳಲ್ಲಿ ಅದು ಸಾಮಾನ್ಯವಾಗಿ 3ರಿಂದ 4 ಬಾರ್. ಗಾಡಿ ನಿಲ್ಲಿಸಿದ ಮೇಲೂ ಆ ಒತ್ತಡ ಉಳಿಯುವಂತೆ ಪಂಪಿನೊಳಗೆ ಒಂದು ಚೆಕ್ ವಾಲ್ವ್ ಇದೆ. ಪೆಟ್ರೋಲಿನ ಫುಟ್‌ವಾಲ್ವ್ ಎಂದರೂ ತಪ್ಪಿಲ್ಲ. ಅದು ಸವೆದರೆ ಪ್ರತಿ ಸಲವೂ ಮೊದಲಿಂದ ಒತ್ತಡ ಕಟ್ಟಬೇಕು. ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಸೆಲ್ಫ್ ಒತ್ತದೆ ಕೀ ಆನ್ ಮಾಡಿ, ಸದ್ದು ನಿಲ್ಲುವವರೆಗೆ ಕಾದು, ಆಫ್ ಮಾಡಿ, ಹೀಗೆ ಮೂರು ಸಲ ಮಾಡಿ ಆಮೇಲೆ ಸೆಲ್ಫ್ ಒತ್ತಿ. ತಕ್ಷಣ ಹಿಡಿದರೆ ಉಳಿಯಬೇಕಾದ ಒತ್ತಡ ಉಳಿಯುತ್ತಿಲ್ಲ ಎಂದು ಬಲವಾಗಿ ಶಂಕಿಸಬಹುದು. ಗೇಜು ಹಾಕಿ, ಪಂಪು ನಿಂತ ಮೇಲೆ ಮುಳ್ಳು ಎಷ್ಟು ಬೇಗ ಇಳಿಯುತ್ತದೆ ಎಂದು ನೋಡಿದರೆ ಶಂಕೆ ಹೋಗಿ ಖಾತ್ರಿಯಾಗುತ್ತದೆ. ಸ್ಟಾರ್ಟ್ ಆದಾಗ ಪೆಟ್ರೋಲ್ ವಾಸನೆ, ಕಪ್ಪು ಹೊಗೆ ಇದ್ದರೆ ಇಂಜೆಕ್ಟರು ಹನಿಯುತ್ತಿರಬೇಕು. ಇಲ್ಲದಿದ್ದರೆ ಚೆಕ್ ವಾಲ್ವಿನ ಕಡೆ ನೋಡಬೇಕು. ಗೇಜು ಕಡಿಮೆ ತೋರಿಸಿತೆಂದು ಪಂಪನ್ನು ಕೂಡಲೇ ದೂಷಿಸುವುದೂ ಆತುರವೇ. ತುಕ್ಕು ಹಿಡಿದ ಕನೆಕ್ಟರಿನಿಂದ ಪಂಪಿಗೆ 12ರ ಬದಲು 9 ವೋಲ್ಟ್ ತಲುಪುತ್ತಿದ್ದರೆ ಹೊಸ ಪಂಪು ಕೂಡ ಕಡಿಮೆಯೇ ಒತ್ತುತ್ತದೆ.

ಇದಕ್ಕೆಲ್ಲ ಸಮಯ ಯಾರಿಗಿದೆ ಎನ್ನುವುದು ಕೊನೆಗೆ ಉಳಿಯುವ ಆಕ್ಷೇಪ, ಮತ್ತು ಅದು ರೈತನ ಕಡೆಯಿಂದ ಬಂದಾಗ ಕಷ್ಟದ್ದು. ಮೆಕ್ಕೆಜೋಳ ಕಣದಲ್ಲಿದೆ, ಮೋಡ ಕಟ್ಟಿದೆ, ಟ್ರ್ಯಾಕ್ಟರು ಇವತ್ತೇ ಓಡಬೇಕು. ನಿಜ. ಆದರೆ ಮೇಲೆ ಹೇಳಿದ ಹೊಗೆ, ಪ್ರೈಮರ್, ಪಾರದರ್ಶಕ ಪೈಪು ಮೂರನ್ನೂ ಸೇರಿಸಿದರೆ ಅರ್ಧ ಗಂಟೆ ಆಗುವುದಿಲ್ಲ. ಪಂಪು ಬಿಚ್ಚಿ ಪಟ್ಟಣಕ್ಕೆ ಕಳಿಸಿದರೆ ಒಂದೆರಡು ದಿನ ಹೋಯಿತು, ವಾಪಸು ಬಂದ ಮೇಲೂ ಬೆಳಿಗ್ಗೆ ಅದೇ ಎಂಟು ಸೆಕೆಂಡು. ಅಳೆಯದೆ ಎಳೆದಾಡುವ ಪ್ರತಿ ದಿನವೂ ಬೇರೆ ಹಾನಿ ಮಾಡುತ್ತದೆ. ಸೆಲ್ಫ್ ಮೋಟರು ಕೆಲವು ಸೆಕೆಂಡು ದುಡಿಯಲೆಂದು ಮಾಡಿದ್ದು. ಹತ್ತು ಸೆಕೆಂಡಿಗಿಂತ ಹೆಚ್ಚು ಬಿಡುವಿಲ್ಲದೆ ಹೊಡೆದರೆ ಒಳಗಿನ ಸುತ್ತುಗಳು ಕಾದು ಸುಡುತ್ತವೆ, ಬ್ಯಾಟರಿ ಬಸಿದುಹೋಗುತ್ತದೆ. ಮೊದಲು ನಿರಪರಾಧಿಗಳಾಗಿದ್ದ ಬ್ಯಾಟರಿ, ಸೆಲ್ಫ್ ಎರಡೂ ಕೊನೆಗೆ ನಿಜವಾಗಿಯೇ ಕೆಡುತ್ತವೆ.

ದೋಷವೆಲ್ಲ ಡೀಸೆಲ್ಲಿನದ್ದೇ, ಫಿಲ್ಟರ್ ಬದಲಿಸಿದರೆ ಮುಗಿಯಿತು ಎನ್ನುವವರಿಗೆ ಅರ್ಧ ಒಪ್ಪಿಗೆ ಕೊಡಬಹುದು. ಬಂಕಿನಿಂದ ಕ್ಯಾನಿನಲ್ಲಿ ತಂದು ಹೊಲದ ಧೂಳಿನಲ್ಲಿ ಟ್ಯಾಂಕಿಗೆ ಸುರಿಯುವ ಡೀಸೆಲ್ಲಿನ ಜೊತೆ ಮಣ್ಣೂ ಹೋಗುತ್ತದೆ, ಅರ್ಧ ಖಾಲಿ ಡ್ರಮ್ಮಿನ ಒಳಗೋಡೆಯಲ್ಲಿ ಬೆವರಿದ ನೀರೂ ಸೇರುತ್ತದೆ. ಫಿಲ್ಟರ್ ಕಾಲಕಾಲಕ್ಕೆ ಬದಲಿಸಲೇಬೇಕು, ನೀರು ಬೇರ್ಪಡಿಸುವ ಬಟ್ಟಲಿನ ತಳದ ತಿರುಪು ತೆಗೆದು ನೀರು ಬಸಿಯಲೇಬೇಕು. ಆದರೆ ಬದಲಿಸಿದ ಹೊಸ ಫಿಲ್ಟರಿನ ಸೀಲು ಸರಿಯಾಗಿ ಕೂರದೆ ಗಾಳಿ ಎಳೆಯುವುದೂ ಸ್ಟಾರ್ಟಿಂಗ್ ಟ್ರಬಲ್ಲಿನ ಒಂದು ಸಾಮಾನ್ಯ ಕಾರಣ. ಬದಲಿಸುವ ಮೊದಲು ಬಿಚ್ಚಿದ ಫಿಲ್ಟರನ್ನು ಒಂದು ತಟ್ಟೆಗೆ ಬೋರಲು ಹಾಕಿ ನೋಡಿ. ನೀರಿನ ಗುಂಡುಗಳು, ಕಂದು ಕೆಸರು ಕಂಡರೆ ಆ ಫಿಲ್ಟರೇ ಸಾಕ್ಷಿ. ಶುಭ್ರವಾಗಿದ್ದರೆ ದೋಷ ಇನ್ನೂ ಗಾಡಿಯಲ್ಲೇ ಇದೆ.

ಗಾಡಿ ಇಟ್ಟವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಸ್ಟಾರ್ಟಿಂಗ್ ಟ್ರಬಲ್ ಎಂದು ಗ್ಯಾರೇಜಿಗೆ ಹೋದಾಗ ಬೆಳಿಗ್ಗೆಯೋ ಬಿಸಿಯಲ್ಲೋ, ಸೆಲ್ಫ್ ಜೋರಾಗಿ ತಿರುಗುತ್ತದೋ ಇಲ್ಲವೋ, ಹೊಗೆ ಬಂತೋ ಇಲ್ಲವೋ ಎಂಬುದನ್ನು ಮೊದಲೇ ಹೇಳಿ. ಪಾರ್ಟು ಬದಲಿಸಬೇಕು ಎಂದರೆ ‘ಪ್ರೆಷರ್ ಎಷ್ಟು ತೋರಿಸಿತು?’ ಎಂದು ಕೇಳಿ. ಆ ಅಂಕಿಯನ್ನು ಬಿಲ್ಲಿನಲ್ಲಿ ಪಾರ್ಟಿನ ಹೆಸರಿನ ಪಕ್ಕದಲ್ಲಿ ಬರೆಸಿಕೊಳ್ಳಿ.